ಇರುಳಲ್ಲಿ ನರಿಯನ್ನು ಕಾಣುವ ದುರ್ಬೀನು



‘ಹಗಲು ಕಂಡ ಬಾವಿಗೆ ಇರುಳು ಬಿದ್ದರಂತೆ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿಯೇ ಇದ್ದೀರಿ. ಎಚ್ಚರಗೇಡಿಯನ್ನು ಹಳಿಯಲು ನಾವು ಈ ಮಾತನ್ನು ಬಳಸುತ್ತೇವೆ. ಆದರೆ ಅದರೊಳಗೆ ಮನುಷ್ಯನ ಕಣ್ಣಿನ ಬಡತನವೂ ಅಡಗಿದೆ. ಹಗಲಿನಲ್ಲಿ ಹದ್ದಿಗೆ ಸಮನಾಗಿ ಬೀಗುವ ಕಣ್ಣು ದೀಪ ಆರಿದೊಡನೆ ಕುರುಡಾಗುತ್ತದೆ. ಆ ಹೊತ್ತಿನಲ್ಲಿ ನರಿ, ಬೆಕ್ಕು, ಗೂಬೆಗಳ ರಾಜ್ಯ ಆರಂಭವಾಗುತ್ತದೆ. ಈ ಕುರುಡನ್ನು ಕಳೆಯಲು ಮನುಷ್ಯನು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ನಡೆಸಿದ ಒಂದು ಹುಡುಕಾಟದ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಹಳಗನ್ನಡ ವ್ಯಾಕರಣವನ್ನು ಬೋಧಿಸುವ ಪಂಡಿತನಿಗೆ ಈ ಗೊಡವೆಯೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ಒಂದು ಕಾಗದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಶುವೈದ್ಯನಾಗಿ ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿದ್ದಾನೆ. ಅದು ಗುಡ್ಡಗಳ ನಾಡು, ಕುರಿಗಳ ನಾಡು. ಚಳಿಗಾಲದ ಕೊನೆಯಿಂದ ವಸಂತದವರೆಗೆ ಅಲ್ಲಿ ಕುರಿಗಳು ಈಯುವ ಕಾಲ. ಆಗ ತಾನೆ ಹುಟ್ಟಿದ ಮರಿಯ ಸುತ್ತ ರಾತ್ರಿ ನರಿ ಸುಳಿಯುತ್ತದೆ. ಅವನ ನೆರೆಯ ಕುರಿಗಾರನೊಬ್ಬ ಅಗ್ಗದ ಬೆಲೆಗೆ ಒಂದು ‘ಶಾಖದ ದುರ್ಬೀನ’ನ್ನು ಕೊಂಡು ತಂದನಂತೆ. ಅದು ಕೈಯಲ್ಲಿ ಹಿಡಿದು ಒಂದೇ ಕಣ್ಣಿಗೆ ಒತ್ತಿಕೊಂಡು ನೋಡುವ ಚಿಕ್ಕ ಕೊಳವೆ. ಒಂದು ರಾತ್ರಿ ಇನ್ನೂರು ಮೀಟರು ದೂರದ ಬೇಲಿಯ ಬುಡದಲ್ಲಿ ಬಿಳಿಯ ಚುಕ್ಕೆಯೊಂದು ಚಲಿಸುತ್ತಿರುವುದು ಅದರಲ್ಲಿ ಕಂಡಿತು. ಕುರಿಗಾರ ಕೋವಿಯನ್ನು ಎತ್ತಿದ. ಎತ್ತಿದವನು ಏನೆನ್ನಿಸಿತೋ ಏನೋ, ಒಮ್ಮೆ ಸಿಳ್ಳು ಹಾಕಿದ. ಆ ಬಿಳಿಯ ಚುಕ್ಕೆ ಓಡೋಡಿ ಬಂದು ಅವನ ಕಾಲನ್ನು ನೆಕ್ಕಿತು. ಅದು ಕಟ್ಟು ಬಿಚ್ಚಿಕೊಂಡು ಬಂದಿದ್ದ ಅವನದೇ ಕುರಿ ಕಾಯುವ ನಾಯಿ!

“ಮೇಷ್ಟ್ರೇ, ಆ ಮನುಷ್ಯ ಆ ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ನರಿ ಯಾವುದು ನಾಯಿ ಯಾವುದು ಎಂದು ತಿಳಿಸುವ ದುರ್ಬೀನು ಬೇಕು, ಆದರೆ ಕೈಯಲ್ಲಿ ಹೆಚ್ಚು ಹಣವಿಲ್ಲ, ಯಾವುದನ್ನು ಕೊಳ್ಳಲಿ ಎಂದು ನನ್ನನ್ನು ಕೇಳುತ್ತಾನೆ. ಅಂಗಡಿಯವರ ಮಾತು ನನಗೆ ಅರ್ಥವಾಗುವುದಿಲ್ಲ. ಯಾವ ಮಾತಿಗಾದರೂ ಮೂಲವನ್ನು ಹುಡುಕಿ ನೋಡು ಎಂದು ನಮಗೆ ಕಲಿಸಿದವರು ನೀವು. ಇದರ ಮೂಲವನ್ನೂ ಸ್ವಲ್ಪ ಹೇಳಿ” ಎಂದು ಹುಡುಗ ಬರೆದಿದ್ದ. ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಕಾಡಿ ಬೇಡಿ, ಬೇಸಗೆಯ ರಜೆಯನ್ನೆಲ್ಲ ಇದಕ್ಕೇ ವೆಚ್ಚ ಮಾಡಿ, ನಾನು ಕಲಿತುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ನರಿಯ ವಿಚಾರ. ನಾವು ‘ನರಿ’ ಎಂದು ಒಂದೇ ಹೆಸರಿನಿಂದ ಕರೆಯುವ ಪ್ರಾಣಿಗಳು ಎರಡು. ಊರ ಹೊರಗೆ ಗುಂಪಾಗಿ ಊಳಿಡುವುದು ಒಂದು. ಸಂಸ್ಕೃತದಲ್ಲಿ ಸೃಗಾಲ, ಜಂಬುಕ ಎನ್ನುವುದು ಅದನ್ನೇ. ಹನ್ನೊಂದನೆಯ ಶತಮಾನದ ನಮ್ಮ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರದ ಕುಟಿಲ ಮಂತ್ರಿಗಳು ಈ ಜಾತಿಯವರು. ಎರಡನೆಯದು ನಮ್ಮ ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ಬಿಲ ತೋಡಿಕೊಂಡಿರುವ, ಬಾಲದ ತುದಿ ಕಪ್ಪಾಗಿರುವ ಚಿಕ್ಕ ನರಿ. ವೇಲ್ಸಿನ ನರಿ ಈ ಎರಡನೆಯದರ ದೊಡ್ಡಪ್ಪನ ಮಗನೆನ್ನಬಹುದು. ಅದರ ಮೈ ಕೆಂಪು. ಬಾಲದ ತುದಿ ಬಹುಮಟ್ಟಿಗೆ ಬಿಳುಪು. ನಿಂತರೆ ಹೆಗಲಿನ ಎತ್ತರ ಸುಮಾರು 40 ಸೆಂಟಿಮೀಟರು. ಈ ಅಂಕಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಕಥೆಯ ಕೊನೆಯಲ್ಲಿ ನಮಗೆ ಇದು ಬೇಕಾಗುತ್ತದೆ.

ಇನ್ನು ಶಾಖದ ವಿಚಾರ. ಕಥೆ ಮೊದಲಾಗುವುದು 1800ರಲ್ಲಿ, ಇಂಗ್ಲೆಂಡಿನ ಸ್ಲೌ ಎಂಬ ಊರಿನಲ್ಲಿ. ವಿಲಿಯಂ ಹರ್ಷೆಲ್ ಎಂಬಾತ ಜರ್ಮನಿಯ ಹ್ಯಾನೋವರಿನಿಂದ ಬಂದ ಸಂಗೀತಗಾರ. ಬಾತ್ ನಗರದಲ್ಲಿ ವಾದ್ಯ ನುಡಿಸಿ ಜೀವಿಸುತ್ತ, ರಾತ್ರಿಯಲ್ಲಿ ತಾನೇ ಉಜ್ಜಿ ಮಾಡಿದ ದೂರದರ್ಶಕದಿಂದ ಆಕಾಶವನ್ನು ನೋಡುತ್ತಿದ್ದು, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ಮಹಾನುಭಾವ. ಸೂರ್ಯನನ್ನು ನೋಡುವಾಗ ಕಣ್ಣಿನ ರಕ್ಷಣೆಗೆಂದು ಬಣ್ಣಬಣ್ಣದ ಗಾಜುಗಳನ್ನು ಹಿಡಿಯುತ್ತಿದ್ದ. ಕೆಲವು ಗಾಜು ಹಿಡಿದಾಗ ಬೆಳಕು ಕಡಮೆ, ಕಣ್ಣಿಗೆ ಬಿಸಿ ಹೆಚ್ಚು. ಕೆಲವು ಹಿಡಿದಾಗ ಬೆಳಕು ಹೆಚ್ಚು, ಬಿಸಿ ಕಡಮೆ. ಎಷ್ಟೋ ಜನ ಗಮನಿಸಿ ಸುಮ್ಮನಾಗುತ್ತಿದ್ದ ಈ ಚಿಕ್ಕ ಸಂಗತಿಯನ್ನು ಅರುವತ್ತೊಂದು ವರ್ಷದ ಆ ಹಿರಿಯ ಬಿಡಲಿಲ್ಲ.

ಪಟ್ಟಕದ ಮೂಲಕ ಬಿಸಿಲನ್ನು ಹಾಯಿಸಿ ಮೇಜಿನ ಮೇಲೆ ಬಣ್ಣಗಳ ಪಟ್ಟಿಯನ್ನು ಬೀಳಿಸಿದ. ಬುರುಡೆಗೆ ಮಸಿ ಬಳಿದ ತಾಪಮಾಪಕವನ್ನು ಒಂದೊಂದು ಬಣ್ಣದಲ್ಲಿಯೂ ಇಟ್ಟು ನೋಡಿದ. ನೇರಳೆಯಲ್ಲಿ ಪಾದರಸ 2 ಡಿಗ್ರಿ ಫ್ಯಾರನ್‌ಹೀಟ್ ಏರಿತು. ಹಸುರಿನಲ್ಲಿ ಮೂರೂ ಕಾಲು. ಕೆಂಪಿನಲ್ಲಿ ಏಳಕ್ಕೆ ಹತ್ತಿರ. ಬಣ್ಣ ಕೆಂಪಿನ ಕಡೆಗೆ ಸರಿದಂತೆಲ್ಲ ಬಿಸಿ ಹೆಚ್ಚುತ್ತಿದೆ! ಹಾಗಾದರೆ ಕೆಂಪು ಮುಗಿದ ಮೇಲೆ? ಬಣ್ಣವೇ ಇಲ್ಲದ ಬರಿಯ ಮೇಜಿನ ಮೇಲೆ, ಕೆಂಪಿನ ಅಂಚಿನಾಚೆ, ತಾಪಮಾಪಕವನ್ನು ಇಟ್ಟ. ಪಾದರಸ ಇನ್ನೂ ಮೇಲೇರಿತು. ಇದು ಆಕಸ್ಮಿಕವಾಗಿ ಆದದ್ದೆಂದು ಕೆಲವರು ಹೇಳುವುದುಂಟು. ಆದರೆ ಆತ ಬುದ್ಧಿಪೂರ್ವಕವಾಗಿಯೇ ಅಲ್ಲಿಟ್ಟು ಪರೀಕ್ಷಿಸಿದ. ಕಣ್ಣಿಗೆ ಕಾಣದ ಬೆಳಕೊಂದು ಇದೆಯೆಂದು ಮನುಷ್ಯನಿಗೆ ಖಚಿತವಾದದ್ದು ಅಂದು. ಅದನ್ನೇ ನಮ್ಮ ವಿಜ್ಞಾನ ಲೇಖಕರು ‘ಅವಕೆಂಪು’ ಎಂದು ಕರೆದಿದ್ದಾರೆ. ‘ಅವ’ ಎಂದರೆ ಕೆಳಗಿನದು. ಕೆಂಪಿನಿಂದ ಕೆಳಗಿನದು ಅವಕೆಂಪು. ಸಂಸ್ಕೃತದ ಉಪಸರ್ಗವೂ ಅಚ್ಚಗನ್ನಡದ ಶಬ್ದವೂ ಕೂಡಿದ ಅರಿಸಮಾಸವೆಂದು ವೈಯಾಕರಣರು ಮೂಗು ಮುರಿಯಬಹುದು. ನನಗಂತೂ ಈ ಮಾತು ಹಿಡಿಸಿದೆ.

ನಿಮ್ಮ ಮನೆಯ ರೇಡಿಯೋ ಹಿಡಿಯುವ ಅಲೆಯೂ, ಕಣ್ಣಿಗೆ ಕಾಣುವ ಬೆಳಕೂ, ಈ ಅವಕೆಂಪೂ ಒಂದೇ ಕುಲದವು. ಅಂತರ ಅಲೆಯ ಉದ್ದದಲ್ಲಿ ಮಾತ್ರ. ಮಧ್ಯಮ ತರಂಗದ ಅಲೆಯ ಉದ್ದ ನೂರಾರು ಮೀಟರು. ಕೆಂಪು ಬೆಳಕಿನದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಮೆ. ಈ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಬಿಸಿಯಾದ ಪ್ರತಿಯೊಂದು ವಸ್ತುವೂ ಅವಕೆಂಪನ್ನು ಚೆಲ್ಲುತ್ತಿರುತ್ತದೆ. ನಿಮ್ಮ ಮೈ, ನನ್ನ ಮೈ, ನರಿಯ ಮೈ ಹೆಚ್ಚಾಗಿ ಚೆಲ್ಲುವುದು ಸುಮಾರು 9 ಅಥವಾ 10 ಮೈಕ್ರಾನಿನ ಅಲೆಯನ್ನು. ಅಂದರೆ ಕತ್ತಲಲ್ಲಿ ನಾವೆಲ್ಲರೂ ದೀಪದಂತೆ ಬೆಳಗುತ್ತಲೇ ಇದ್ದೇವೆ. ಅದನ್ನು ಕಾಣುವ ಕಣ್ಣು ನಮಗಿಲ್ಲ, ಅಷ್ಟೆ.

ಆ ಕಣ್ಣು ಪ್ರಕೃತಿಯಲ್ಲಿ ಇಲ್ಲವೆಂದಲ್ಲ. ನಮ್ಮ ಮಲೆನಾಡಿನ ಗುಳಿಮಂಡಲದ ಹಾವನ್ನು ಕೆಲವರಾದರೂ ನೋಡಿದ್ದೀರಿ. ಅದರ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಗುಳಿಯಿದೆ. ಗುಳಿಯೊಳಗೆ ಸುಮಾರು 15 ಮೈಕ್ರಾನ್ ತೆಳುವಾದ ಒಂದು ಪೊರೆ. ಇಲಿಯ ಮೈಶಾಖ ತಾಗಿದರೆ ಆ ಪೊರೆ ಕಿಂಚಿತ್ತು ಬಿಸಿಯಾಗುತ್ತದೆ. ನರಗಳು ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ಮನುಷ್ಯನು ನೂರಾರು ವರ್ಷ ತಿಣುಕಿ ಕೊನೆಗೆ ಕಂಡುಕೊಂಡ ಉಪಾಯವೂ ಇದೇ ಎಂಬುದನ್ನು ಮುಂದೆ ನೋಡುವಿರಿ.

ಹರ್ಷೆಲನ ಬಳಿಕ ಈ ಕೆಲಸವನ್ನು ಮುಂದುವರಿಸಿದವರಲ್ಲಿ ಇಟಲಿಯ ಮೆಲ್ಲೋನಿ ಮುಖ್ಯನು. ಎರಡು ಬಗೆಯ ಲೋಹಗಳ ಬೆಸುಗೆಯನ್ನು ಬಿಸಿಮಾಡಿದರೆ ವಿದ್ಯುತ್ತು ಹುಟ್ಟುವುದೆಂದು 1821ರಲ್ಲಿ ಸೀಬೆಕ್ ತೋರಿಸಿದ್ದ. ಅಂಥ ಬೆಸುಗೆಗಳನ್ನು ಒಟ್ಟುಗೂಡಿಸಿ ನೋಬಿಲಿ ಎಂಬವನು ಒಂದು ಉಪಕರಣ ಮಾಡಿದ. ಅದನ್ನು ತಿದ್ದಿದವನು ಮೆಲ್ಲೋನಿ. ಮೂವತ್ತು ಅಡಿ ದೂರದಲ್ಲಿ ನಿಂತ ಮನುಷ್ಯನ ಮೈಶಾಖವನ್ನು ಅದು ಗುರುತಿಸಬಲ್ಲುದಾಯಿತು. ಮೆಲ್ಲೋನಿ ಇನ್ನೊಂದು ಸಂಗತಿಯನ್ನೂ ಕಂಡ. ಬೆಳಕನ್ನು ಸಲೀಸಾಗಿ ಬಿಡುವ ಗಾಜು, ಈ ಶಾಖಕಿರಣಕ್ಕೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಕಲ್ಲುಪ್ಪಿನ ಹರಳು ದಾರಿ ಬಿಡುತ್ತದೆ. ಇಂದಿನ ಶಾಖದ ದುರ್ಬೀನಿಗೆ ಗಾಜಿನ ಮಸೂರವಿಲ್ಲದೆ ಜರ್ಮೇನಿಯಂ ಎಂಬ ದುಬಾರಿ ಧಾತುವಿನ ಮಸೂರವಿರುವುದೂ, ಬೆಲೆ ಏರುವುದೂ ಈ ಕಾರಣದಿಂದಲೇ. ಮುಚ್ಚಿದ ಕಿಟಕಿಯ ಗಾಜಿನೊಳಗಿಂದ ಅದರಲ್ಲಿ ಏನನ್ನೂ ಕಾಣಲಾರಿರಿ. ಕೊಂಡವರು ಮೊದಲ ದಿನವೇ ಬೆಚ್ಚಿ ಅಂಗಡಿಗೆ ಓಡುವುದು ಇದಕ್ಕಾಗಿಯೇ!

ಹರ್ಷೆಲನ ಮಗ ಜಾನ್ ಹರ್ಷೆಲ್ 1840ರಲ್ಲಿ ಒಂದು ಚಮತ್ಕಾರ ಮಾಡಿದ. ಮಸಿ ಹಿಡಿಸಿದ ಕಾಗದವನ್ನು ಮದ್ಯಸಾರದಲ್ಲಿ ತೋಯಿಸಿ ಅವಕೆಂಪಿಗೆ ಒಡ್ಡಿದ. ಶಾಖ ಬಿದ್ದ ಕಡೆ ಮೊದಲು ಒಣಗಿ ಒಂದು ಆಕೃತಿ ಮೂಡಿತು. ಶಾಖವು ಬರೆದ ಮೊದಲ ಚಿತ್ರ ಅದು. ತಂದೆ ಕಂಡದ್ದನ್ನು ಮಗ ಬರೆಯಿಸಿದ.

ಅನಂತರ ಅಮೆರಿಕದ ಲ್ಯಾಂಗ್ಲಿ. ಪಿಟ್ಸ್‌ಬರ್ಗಿನ ಬಳಿಯ ಅಲಿಗೆನಿ ವೀಕ್ಷಣಾಲಯದಲ್ಲಿ, 1880ರ ಸುಮಾರಿಗೆ, ಆತ ‘ಬೋಲೋಮೀಟರ್’ ಎಂಬ ಉಪಕರಣವನ್ನು ರಚಿಸಿದ. ಗ್ರೀಕಿನಲ್ಲಿ ‘ಬೋಲೆ’ ಎಂದರೆ ಎಸೆದ ಕಿರಣ, ಅದನ್ನಳೆಯುವುದು ಬೋಲೋಮೀಟರ್. ಕಪ್ಪು ಬಳಿದ ಪ್ಲಾಟಿನಮ್ಮಿನ ಅತಿ ತೆಳುವಾದ ಪಟ್ಟಿಯೊಂದು. ಅದರ ಮೂಲಕ ವಿದ್ಯುತ್ತು. ಪಟ್ಟಿ ಬಿಸಿಯಾದರೆ ವಿದ್ಯುತ್ತಿಗೆ ಅಡ್ಡಿ ಹೆಚ್ಚುತ್ತದೆ; ಅಡ್ಡಿಯನ್ನಳೆದರೆ ಶಾಖ ತಿಳಿಯುತ್ತದೆ. ಒಂದು ಡಿಗ್ರಿಯ ಲಕ್ಷದಲ್ಲಿ ಒಂದು ಭಾಗವನ್ನೂ ಅದು ಅಳೆಯುತ್ತಿತ್ತು. ಕಾಲು ಮೈಲಿ ದೂರದಲ್ಲಿ ಮೇಯುವ ಹಸುವಿನ ಶಾಖವನ್ನು ಅದು ಬಲ್ಲುದೆಂದು ಜನ ಸೋಜಿಗಪಟ್ಟು ಹೇಳಿಕೊಂಡರು. ಆದರೆ ಒಂದು ಮಾತು. ಹಸುವಿದೆಯೆಂದು ಅದು ಹೇಳಬಲ್ಲುದು. ಅದು ಹಸುವೋ ಎತ್ತೋ, ಯಾರ ಮನೆಯದೋ, ಅದಕ್ಕೆ ತಿಳಿಯದು. ‘ಇದೆ’ ಎಂದು ತಿಳಿಯುವುದು ಬೇರೆ, ‘ಇಂಥದು’ ಎಂದು ತಿಳಿಯುವುದು ಬೇರೆ. ನಮ್ಮ ಕುರಿಗಾರನ ಕಷ್ಟವೆಲ್ಲ ಈ ಎರಡರ ನಡುವೆ ಇದೆ.

ಎರಡನೆಯ ಮಹಾಯುದ್ಧದಲ್ಲಿ ಈ ವಿದ್ಯೆ ಸೈನಿಕರ ಕೈಗೆ ಹೋಯಿತು. 1945ರಲ್ಲಿ ಜರ್ಮನರು ‘ವ್ಯಾಂಪೈರ್’ ಎಂಬ ಹೆಸರಿನಿಂದ, ಅಮೆರಿಕನ್ನರು ಒಕಿನಾವಾ ದ್ವೀಪದಲ್ಲಿ ಬೇರೆ ಹೆಸರಿನಿಂದ, ಇರುಳಿನಲ್ಲಿ ಗುರಿಯಿಡುವ ಕೋವಿಗಳನ್ನು ಬಳಸಿದರು. ಆದರೆ ಅವು ಶಾಖವನ್ನು ಕಾಣುವ ಯಂತ್ರಗಳಲ್ಲ. ಕಣ್ಣಿಗೆ ಕಾಣದ ಅವಕೆಂಪಿನ ದೀಪವನ್ನು ಕೋವಿಗೆ ಕಟ್ಟಿ, ಅದು ಬಿದ್ದು ಹಿಂದಿರುಗಿದ ಬೆಳಕನ್ನು ನೋಡುವಂಥವು. ಅದರ ವಿದ್ಯುತ್ತಿನ ಕೋಶಗಳನ್ನು ಸೈನಿಕನು ಬೆನ್ನ ಮೇಲೆ ಹೊರಬೇಕಾಗಿತ್ತು. ಆಮೇಲೆ 1960ರ ದಶಕದಲ್ಲಿ ನಕ್ಷತ್ರದ ಮಂಕು ಬೆಳಕನ್ನೇ ಹೆಚ್ಚಿಸಿ ತೋರಿಸುವ ಕೊಳವೆಗಳು ಬಂದುವು. ಅಂಗಡಿಯವರು ಇಂದಿಗೂ ಈ ಮೂರನ್ನೂ ‘ರಾತ್ರಿ ನೋಡುವ ದುರ್ಬೀನು’ ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ. ಕೊಳ್ಳುವವರು ಮೋಸಹೋಗದೆ ಬೇರ್ಪಡಿಸಿಕೊಳ್ಳಬೇಕು.

ನಿಜವಾಗಿ ಶಾಖವನ್ನು ಕಾಣುವ ಕಣ್ಣಿಗೆ ಬೇಕಾದ ವಸ್ತುವನ್ನು 1959ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್ ಎಂಬಲ್ಲಿ ಲಾಸನ್ ಮತ್ತು ಸಂಗಡಿಗರು ಪ್ರಕಟಿಸಿದರು. ಅದು ಪಾದರಸ, ಕ್ಯಾಡ್ಮಿಯಂ, ಟೆಲ್ಯೂರಿಯಂ ಕೂಡಿದ ಹರಳು. ಬಹು ಸೂಕ್ಷ್ಮ, ಆದರೆ ಅದನ್ನು ದ್ರವ ಸಾರಜನಕದಿಂದ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣ್ಣಗಿಡಬೇಕು. ಇಲ್ಲವಾದರೆ ಯಂತ್ರದ ಸ್ವಂತ ಶಾಖವೇ ಅದರ ಕಣ್ಣನ್ನು ಕೋರೈಸುತ್ತದೆ. 1960ರ ದಶಕದ ನಡುವೆ ಸ್ವೀಡನ್ನಿನ ಆಗಾ ಕಂಪನಿ ಇಂಥ ಯಂತ್ರವನ್ನು ಮಾರಾಟಕ್ಕೆ ತಂದಿತು. ವಿದ್ಯುತ್ ತಂತಿಗಳ ಬಿಸಿಯನ್ನು ಪರೀಕ್ಷಿಸಲು ಅದು ಬಳಕೆಗೆ ಬಂತು. ಕುರಿಗಾರ ದ್ರವ ಸಾರಜನಕದ ಹೂಜಿಯನ್ನು ಹೊತ್ತು ಗುಡ್ಡ ಹತ್ತುವುದೆಂತು?

ಆ ತಣ್ಣನೆಯ ಹೊರೆಯನ್ನು ಇಳಿಸಿದ್ದು ಅಮೆರಿಕದ ಮಿನೆಸೋಟದ ಹನಿವೆಲ್ ಕಂಪನಿ. 1980ರ ದಶಕದಲ್ಲಿ ಅಲ್ಲಿ ವುಡ್ ಎಂಬ ವಿಜ್ಞಾನಿಯ ತಂಡ ಲ್ಯಾಂಗ್ಲಿಯ ಬೋಲೋಮೀಟರಿಗೇ ಮರಳಿತು. ಒಂದು ಪಟ್ಟಿಯ ಬದಲು ಸಾವಿರಾರು. ಪ್ರತಿಯೊಂದೂ ಕೂದಲಿಗಿಂತ ಕಿರಿದು. ಸಿಲಿಕಾನಿನ ಬಿಲ್ಲೆಯ ಮೇಲೆ ಎರಡೂವರೆ ಮೈಕ್ರಾನ್ ಎತ್ತರದಲ್ಲಿ ತೇಲುವ, ಅರ್ಧ ಮೈಕ್ರಾನ್ ದಪ್ಪದ ಸೇತುವೆ. ಅದರ ಮೇಲೆ ವನೇಡಿಯಂ ಆಕ್ಸೈಡಿನ ಲೇಪ. ಶಾಖ ತಾಗಿದರೆ ಸೇತುವೆ ಬಿಸಿಯಾಗುತ್ತದೆ, ವಿದ್ಯುತ್ತಿಗೆ ಅಡ್ಡಿ ಬದಲಾಗುತ್ತದೆ. ತಂಪು ಮಾಡುವ ಅಗತ್ಯವೇ ಇಲ್ಲ. ಗುಳಿಮಂಡಲದ ಗುಳಿಯೊಳಗಿನ ಪೊರೆಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿರಿ! ಈ ರಹಸ್ಯವನ್ನು ಸೈನ್ಯದ ಮುದ್ರೆಯಿಂದ 1992ರಲ್ಲಿ ಬಿಡುಗಡೆ ಮಾಡಿದರು. 2000ದ ಕ್ಯಾಡಿಲ್ಯಾಕ್ ಕಾರಿನಲ್ಲಿಯೇ, ರಸ್ತೆಗಡ್ಡ ಬರುವ ಜಿಂಕೆಯನ್ನು ಕಾಣಲೆಂದು, ತಂಪು ಮಾಡಬೇಕಿಲ್ಲದ ಶಾಖದ ಕಣ್ಣೊಂದನ್ನು ಇಟ್ಟರು. ಚುಕ್ಕೆಯ ಅಳತೆ 50 ಮೈಕ್ರಾನಿನಿಂದ 25ಕ್ಕೆ, 17ಕ್ಕೆ, 12ಕ್ಕೆ ಇಳಿಯಿತು. ಚುಕ್ಕೆ ಕಿರಿದಾದಂತೆ ಬಿಲ್ಲೆ ಕಿರಿದಾಯಿತು, ಮಸೂರ ಕಿರಿದಾಯಿತು, ಬೆಲೆಯೂ ಇಳಿಯಿತು. ಅಮೆರಿಕ, ಫ್ರಾನ್ಸ್‌ಗಳ ಜತೆಗೆ ಚೀನದ ಕಾರ್ಖಾನೆಗಳೂ ಸ್ಪರ್ಧೆಗೆ ಇಳಿದ ಮೇಲೆ, ಹಿಂದೆ ಸೈನ್ಯಗಳಿಗೆ ಮಾತ್ರ ದಕ್ಕುತ್ತಿದ್ದ ವಸ್ತು ಕೆಲವು ನೂರು ಪೌಂಡಿಗೆ ಕುರಿಗಾರನ ಜೇಬಿಗೆ ಬಂತು.

ಅದು ಬರುವ ಮೊದಲು ವೇಲ್ಸಿನ ಕುರಿಗಾರ ಏನು ಮಾಡುತ್ತಿದ್ದ? ದೊಡ್ಡ ದೀಪವನ್ನು ಬಯಲಿನ ಮೇಲೆ ಹಾಯಿಸುತ್ತಿದ್ದ. ನರಿಯ ಕಣ್ಣು ಕೆಂಡದಂತೆ ಹೊಳೆದಾಗ ಅದನ್ನು ಗುರುತಿಸುತ್ತಿದ್ದ. ಆದರೆ ನರಿ ನರಿಯೇ. ಒಮ್ಮೆ ದೀಪದ ರುಚಿ ಕಂಡ ನರಿ ಮರುದಿನ ಬೆಳಕು ಕಂಡೊಡನೆ ಬೇಲಿಯಾಚೆ ಮಾಯ. ಬೇಟೆನಾಯಿಗಳ ಹಿಂಡಿನಿಂದ ನರಿಯನ್ನು ಅಟ್ಟಿ ಕೊಲ್ಲುವ ಹಳೆಯ ಪದ್ಧತಿಯನ್ನು 2004ರ ಕಾಯಿದೆ ಇಂಗ್ಲೆಂಡು, ವೇಲ್ಸುಗಳಲ್ಲಿ ತಡೆಯಿತು. ಅದು 2005ರ ಫೆಬ್ರವರಿಯಿಂದ ಜಾರಿಗೆ ಬಂತು. ಕುರಿಗಾರ ತನ್ನ ಹೊಲದಲ್ಲಿ ಕೋವಿಯಿಂದ ನರಿಯನ್ನು ಹೊಡೆಯಲು ಅಲ್ಲಿಯ ಕಾನೂನಿನ ಅಡ್ಡಿಯಿಲ್ಲ. ಅಡ್ಡಿಯಿಲ್ಲದಿರುವುದರಿಂದಲೇ ಗುರುತಿನ ಹೊಣೆ ಅವನ ಮೇಲೆ ಇನ್ನೂ ಭಾರವಾಗಿ ಬೀಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಅಂಜಬೇಡಿ, ಇದು ಭಾಗಾಕಾರ ಗುಣಾಕಾರಗಳ ಮಟ್ಟದ ಲೆಕ್ಕ. 1958ರಲ್ಲಿ ಅಮೆರಿಕದ ಸೈನ್ಯದ ಪ್ರಯೋಗಶಾಲೆಯ ಜಾನ್ಸನ್ ಎಂಬವನು ಜನರಿಗೆ ಮಾದರಿಗಳನ್ನು ತೋರಿಸಿ, ಮಂಕಾದ ಚಿತ್ರದಲ್ಲಿ ಎಷ್ಟು ವಿವರವಿದ್ದರೆ ಏನು ತಿಳಿಯುತ್ತದೆಂದು ಅಳೆದ. ಇಂದಿನ ಚುಕ್ಕೆಗಳ ಭಾಷೆಯಲ್ಲಿ ಹೇಳುವುದಾದರೆ, ವಸ್ತುವಿನ ಅಡ್ಡಕ್ಕೆ ಎರಡು ಚುಕ್ಕೆ ಬಿದ್ದರೆ ‘ಏನೋ ಇದೆ’ ಎಂದು ತಿಳಿಯುತ್ತದೆ. ಎಂಟು ಬಿದ್ದರೆ ‘ಇಂಥ ಜಾತಿಯದು’ ಎಂದು ತಿಳಿಯುತ್ತದೆ. ಹದಿಮೂರರಷ್ಟು ಬಿದ್ದರೆ ‘ಇದೇ’ ಎಂದು ಹೇಳಬಹುದು. ಇಲ್ಲೂ ಒಂದು ಎಚ್ಚರಿಕೆ: ಈ ಅಂಕಿಗಳಲ್ಲಿ ನೂರು ಬಾರಿ ನೋಡಿದರೆ ಐವತ್ತು ಬಾರಿ ಸರಿಯಾಗುತ್ತದೆ ಎಂದು ಮಾತ್ರ ಅರ್ಥ. ಪರೀಕ್ಷೆಯಲ್ಲಿ ಐವತ್ತು ಅಂಕ ತೇರ್ಗಡೆಗೆ ಸಾಕು. ಕೋವಿಯ ಕುದುರೆಯ ಮೇಲೆ ಬೆರಳಿಟ್ಟವನಿಗೆ ಸಾಲದು.

ಒಂದು ಚುಕ್ಕೆ ದೂರದಲ್ಲಿ ಎಷ್ಟು ಅಗಲವನ್ನು ಆವರಿಸುತ್ತದೆ? ಚುಕ್ಕೆಯ ಅಳತೆಯನ್ನು ಮಸೂರದ ಸಂಗಮದೂರದಿಂದ ಭಾಗಿಸಿ, ವಸ್ತುವಿರುವ ದೂರದಿಂದ ಗುಣಿಸಿರಿ. ಕುರಿಗಾರನ ಅಗ್ಗದ ದುರ್ಬೀನಿನಲ್ಲಿ ಚುಕ್ಕೆ 12 ಮೈಕ್ರಾನ್, ಮಸೂರ 10 ಮಿಲಿಮೀಟರು. ನೂರು ಮೀಟರಿನಲ್ಲಿ ಒಂದು ಚುಕ್ಕೆಗೆ 12 ಸೆಂಟಿಮೀಟರು, ಇನ್ನೂರರಲ್ಲಿ 24. ನರಿಯ ಎತ್ತರ 40 ಎಂದೆನಲ್ಲವೆ? ಇನ್ನೂರು ಮೀಟರಿನಲ್ಲಿ ಅದಕ್ಕೆ ಎರಡು ಚುಕ್ಕೆಯೂ ತುಂಬುವುದಿಲ್ಲ. ಅರ್ಧ ಮೀಟರು ಎತ್ತರದ ನಾಯಿಗೆ ತುಂಬುವುದು ಎರಡು. ಆ ರಾತ್ರಿ ಕುರಿಗಾರನಿಗೆ ಕಂಡದ್ದು ಅಷ್ಟೆ. ಅವನ ಕಣ್ಣಿನದು ತಪ್ಪಲ್ಲ, ಯಂತ್ರದ್ದೂ ತಪ್ಪಲ್ಲ. ಯಂತ್ರ ‘ಇದೆ’ ಎಂದಿತು. ಮನಸ್ಸು ‘ನರಿ’ ಎಂದು ಸೇರಿಸಿಕೊಂಡಿತು.

ಅದೇ ಲೆಕ್ಕವನ್ನು 25 ಮಿಲಿಮೀಟರಿನ ಮಸೂರಕ್ಕೆ ಹಾಕಿರಿ. ನೂರು ಮೀಟರಿನಲ್ಲಿ ಒಂದು ಚುಕ್ಕೆಗೆ 4.8 ಸೆಂಟಿಮೀಟರು, ನರಿಗೆ ಎಂಟು ಚುಕ್ಕೆ. ಸುಮಾರು 64 ಮೀಟರಿನಲ್ಲಿ ಹದಿಮೂರು. ‘ಏನೋ ಇದೆ’ ಎಂಬುದು ನಾನೂರು ಮೀಟರಿನವರೆಗೂ ತಿಳಿಯುತ್ತದೆ. ಪೆಟ್ಟಿಗೆಯ ಮೇಲೆ ‘1800 ಮೀಟರು’ ಎಂದು ಅಚ್ಚು ಹಾಕಿರುತ್ತಾರಲ್ಲ, ಅದು ಸುಳ್ಳಲ್ಲ, ಆದರೆ ಅದು 1.8 ಮೀಟರು ಎತ್ತರದ ಮನುಷ್ಯನು ಎರಡು ಚುಕ್ಕೆಯಾಗಿ ಕಾಣುವ ದೂರ. ನರಿಗೂ ಗುರುತಿಗೂ ಅದಕ್ಕೂ ಸಂಬಂಧವಿಲ್ಲ.

ಆದ್ದರಿಂದ ಹುಡುಗನಿಗೆ ನಾನು ಬರೆದ ಸಲಹೆ ಹೀಗಿತ್ತು. ಹಣ ಕಡಮೆಯಿದ್ದರೆ ಮಸೂರದಲ್ಲಿ ಉಳಿತಾಯ ಮಾಡಬೇಡಿ. ಬಿಲ್ಲೆಯಲ್ಲಿ 256 ಚುಕ್ಕೆಯ ಸಾಲಿರಲಿ, 384ರದಿರಲಿ, ಚುಕ್ಕೆಯ ಅಳತೆಯೂ ಮಸೂರವೂ ಒಂದೇ ಆದರೆ ನರಿಯ ಮೇಲೆ ಬೀಳುವ ಚುಕ್ಕೆಗಳು ಒಂದೇ. ವ್ಯತ್ಯಾಸ ನೋಟದ ಅಗಲದಲ್ಲಿ. 25 ಮಿಲಿಮೀಟರಿನ ಮಸೂರದಲ್ಲಿ, ನೂರು ಮೀಟರು ದೂರಕ್ಕೆ, 256ರದು ಹನ್ನೆರಡು ಮೀಟರಿನಷ್ಟು ಬಯಲನ್ನು ತೋರಿಸಿದರೆ 384ರದು ಹದಿನೆಂಟು ಮೀಟರನ್ನು ತೋರಿಸುತ್ತದೆ. ಕಿರಿದಾದ ಕಿಟಕಿಯಿಂದ ದೊಡ್ಡ ಬಯಲನ್ನು ಹುಡುಕುವುದು ದಣಿವಿನ ಕೆಲಸ. ಆದ ಕಾರಣ ಕೈಗೆಟುಕಿದರೆ 384. ಎಟುಕದಿದ್ದರೆ 256 ಮತ್ತು ತಾಳ್ಮೆ. 640ರದು ಚಂದವೇ, ಬೆಲೆಯೂ ಅದಕ್ಕೆ ತಕ್ಕಂತೆ.

ಇನ್ನು ಮೂರು ಮಾತು. ಮೊದಲನೆಯದು ಸೂಕ್ಷ್ಮತೆ. ಅದನ್ನು ಡಿಗ್ರಿಯ ಸಾವಿರದ ಭಾಗಗಳಲ್ಲಿ ಹೇಳುತ್ತಾರೆ. ಈ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. ತೇವ ತುಂಬಿದ ರಾತ್ರಿ, ಮಂಜು, ಮಳೆ ಇವುಗಳಲ್ಲಿ ಚಿತ್ರ ಮಂಕಾಗುತ್ತದೆ. ಆಗ 40ಕ್ಕೂ 25ಕ್ಕೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಎರಡನೆಯದು ಚಿತ್ರ ಬದಲಾಗುವ ವೇಗ. ಸೆಕೆಂಡಿಗೆ 9 ಬಾರಿ ಮಾತ್ರ ಬದಲಾಗುವ ಯಂತ್ರಗಳೂ ಮಾರುಕಟ್ಟೆಯಲ್ಲಿವೆ, ರಫ್ತಿನ ಕಟ್ಟಳೆಗಳು ಅವುಗಳ ಮೇಲೆ ಸಡಿಲವಾದ್ದರಿಂದ. ಓಡುವ ಪ್ರಾಣಿ ಅವುಗಳಲ್ಲಿ ಕುಪ್ಪಳಿಸಿದಂತೆ ಕಾಣುತ್ತದೆ. ನಡಿಗೆಯಿಂದಲೇ ನರಿಯನ್ನು ನಾಯಿಯಿಂದ, ಮೊಲದಿಂದ ಬೇರೆಮಾಡಬೇಕಾದವನಿಗೆ 25 ಅಥವಾ 50 ಬಾರಿ ಬೇಕು. ಮೂರನೆಯದು ಬದಲಾಯಿಸಬಲ್ಲ ಬ್ಯಾಟರಿ. ಚಳಿಯಲ್ಲಿ ಬ್ಯಾಟರಿ ಬೇಗ ಸೊರಗುತ್ತದೆ. ಮತ್ತು ಸೂರ್ಯನ ಕಡೆಗೆ ಅದನ್ನು ಎಂದೂ ತಿರುಗಿಸಕೂಡದು; ಬಿಲ್ಲೆ ಸುಟ್ಟುಹೋದೀತು.

ಎಲ್ಲಕ್ಕಿಂತ ಮಿಗಿಲಾಗಿ ಇದನ್ನು ಬರೆದೆ: ‘25 ಮಿಲಿಮೀಟರಿನದನ್ನು ಕೊಂಡರೂ ನೂರು ಮೀಟರಿನಾಚೆ ತೀರ್ಮಾನ ಬೇಡ. ನರಿಯನ್ನು ಹತ್ತಿರಕ್ಕೆ ಬರಗೊಡಲಿ, ಅಥವಾ ತಾನೇ ಹತ್ತಿರಕ್ಕೆ ಹೋಗಲಿ, ಅಥವಾ ಮನೆಗೆ ಹೋಗಿ ಮಲಗಲಿ. ಆ ಸಿಳ್ಳನ್ನು ಮಾತ್ರ ಬಿಡದಿರಲಿ.’

ಹುಡುಗನಿಂದ ಉತ್ತರ ಬಂತು. ಕುರಿಗಾರ 256 ಚುಕ್ಕೆಯ, 25 ಮಿಲಿಮೀಟರಿನ ದುರ್ಬೀನನ್ನು ಕೊಂಡನಂತೆ. ಕಾಗದದಲ್ಲಿ ನಾನು ಎಣಿಸದಿದ್ದ ಒಂದು ಸಂಗತಿಯಿತ್ತು. ಎಳೆಯ ಮರಿಗಳು ಸಾಯುವುದು ಬಹುಪಾಲು ಚಳಿಯಿಂದ, ಹಸಿವಿನಿಂದ, ಕಾಯಿಲೆಯಿಂದ. ನರಿಯ ಪಾಲು ಅದರಲ್ಲಿ ಸ್ವಲ್ಪ. ತಾಯಿಯಿಂದ ಅಗಲಿ ಎತ್ತರದ ಹುಲ್ಲಿನಲ್ಲಿ ಬಿದ್ದ ಮರಿ ಹಗಲಿನಲ್ಲಿಯೂ ಕಣ್ಣಿಗೆ ಬೀಳದು. ಆ ದುರ್ಬೀನಿನಲ್ಲಿ ರಾತ್ರಿಯೇ ಬೀಳುತ್ತದೆ. ಆ ವಸಂತದಲ್ಲಿ ಕುರಿಗಾರ ಕೋವಿಯನ್ನು ಮನೆಯಲ್ಲಿಟ್ಟು ಕಂಬಳಿ ಹಿಡಿದು ಹೊರಟ ರಾತ್ರಿಗಳೇ ಹೆಚ್ಚಂತೆ.

ನಮ್ಮಲ್ಲಿ ಈ ಯಂತ್ರದ ಪ್ರಯೋಜನವೇನು ಎಂದು ನೀವು ಕೇಳಬಹುದು. ನಮ್ಮ ಎರಡು ಬಗೆಯ ನರಿಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿವೆ. ಅವನ್ನು ಕೊಲ್ಲುವುದು ಅಪರಾಧ. ಇಲ್ಲಿ ಇದು ನೋಡುವುದಕ್ಕೆ ಮಾತ್ರ ಸಲ್ಲುವ ಕಣ್ಣು. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚಿನಲ್ಲಿ ಮಕ್ಕಳನ್ನು ಒಯ್ಯುತ್ತಿದ್ದ ತೋಳಗಳನ್ನು ಹುಡುಕಲು ಅರಣ್ಯ ಇಲಾಖೆಯವರು ಶಾಖದ ಕಣ್ಣುಳ್ಳ ಹಾರುಯಂತ್ರಗಳನ್ನು ಬಳಸಿದ್ದನ್ನು ನೀವು ಕೇಳಿರಬಹುದು. ಅಲ್ಲಿಯೂ ಇದ್ದ ಕಷ್ಟ ಇದೇ: ಬಿಳಿಯ ಚುಕ್ಕೆ ತೋಳವೋ, ನಾಯಿಯೋ, ನರಿಯೋ?

ಬೆಳಗ್ಗೆ ಎದ್ದು ನರಿಯ ಮುಖ ನೋಡಿದವನಿಗೆ ಅದೃಷ್ಟವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರು ಹೇಳಿದ್ದು ಮುಖವನ್ನು ನೋಡಬೇಕೆಂದು, ಚುಕ್ಕೆಯನ್ನಲ್ಲ. ಹರ್ಷೆಲನು ಬರಿಯ ಮೇಜಿನ ಮೇಲೆ ತಾಪಮಾಪಕವನ್ನಿಟ್ಟ ದಿನದಿಂದ ಇಂದಿನವರೆಗೆ ಕಾಣದ್ದನ್ನು ಕಾಣುವ ವಿದ್ಯೆ ಬೆಳೆದಿದೆ. ಕಂಡದ್ದನ್ನು ಗುರುತಿಸುವ ಕೆಲಸ ಮಾತ್ರ ಇನ್ನೂ ನಮಗೇ ಉಳಿದಿದೆ. ಮುಂದೆ ನಿಮ್ಮ ಮಕ್ಕಳು ಇಂಥ ದುರ್ಬೀನೊಂದನ್ನು ಮನೆಗೆ ತಂದರೆ, ಮೊದಲು ಮನೆಯ ಬೆಕ್ಕನ್ನು ನೂರು ಹೆಜ್ಜೆ ದೂರದಲ್ಲಿ ಬಿಟ್ಟು ಅದರಲ್ಲಿ ನೋಡಲು ಹೇಳಿ. ಅದು ಬೆಕ್ಕೆಂದು ಎಷ್ಟು ಹೆಜ್ಜೆಯೊಳಗೆ ತಿಳಿಯಿತೆಂದು ಎಣಿಸಿಕೊಳ್ಳಲಿ. ಅದೇ ಆ ಯಂತ್ರದ ನಿಜವಾದ ಅಳತೆ.